ಗಂಟು ಕಟ್ಟಿದ ಬೇರಿಯಂ

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಗಿನಿಂದ ಮೋಡ ಮುಸುಕಿತ್ತು. ಹನಿ ಮಾತ್ರ ಬೀಳಲಿಲ್ಲ.

ಆಸ್ಪತ್ರೆಯ ಎಕ್ಸರೆ ವಿಭಾಗದಲ್ಲಿ ಚಿತ್ರ ತೆಗೆಯುವ ಅವನನ್ನು ಎಲ್ಲರೂ ಗಡಿಯಾರದಣ್ಣ ಎನ್ನುತ್ತಿದ್ದರು. ಬೇರಿಯಂ ಎಂಬ ಬಿಳಿ ದ್ರವ ಕುಡಿಸಿ, ಅದು ಸಣ್ಣಕರುಳಿನಲ್ಲಿ ಸಾಗುವುದನ್ನು ಅರ್ಧ ಗಂಟೆಗೊಂದು ಚಿತ್ರದಂತೆ ಹಿಡಿಯುವಾಗ ಅವನು ನಿಮಿಷವೂ ಆಚೀಚೆ ಆಗುವವನಲ್ಲ. ಮನೆಯಲ್ಲಿ ಕಾಯುವವರಿಲ್ಲದ್ದರಿಂದ ತಡವಾಗುವ ಪರೀಕ್ಷೆಗಳೆಲ್ಲ ಇಪ್ಪತ್ತಾರು ವರ್ಷಗಳಿಂದ ಅವನ ಪಾಲಿಗೇ ಬರುತ್ತಿದ್ದವು.

ಅಂದು ಪರೀಕ್ಷೆಗೆ ಹೊಲಿಗೆ ಕೆಲಸದ ಹೆಂಗಸೊಬ್ಬಳು ಒಂಟಿಯಾಗಿ ಬಂದಿದ್ದಳು.

"ಜೊತೆಗೆ ಯಾರೂ ಇಲ್ವೇನಮ್ಮಾ?"

"ಯಾರು ಬರ್ತಾರಣ್ಣ? ಉಂಡಿದ್ದು ಮೈಗೆ ಹತ್ತಲ್ಲ ಅಂದ್ರೆ, ಕದ್ದು ಚೆಲ್ತಾಳೆ ಅಂತಾಳೆ ಅತ್ತಿಗೆ. ನಮ್ಮಣ್ಣನೂ ಅದನ್ನೇ ನಂಬಿದಾನೆ. ಇವತ್ತು ಏನೂ ಕಾಣಿಸ್ಲಿಲ್ಲ ಅಂದ್ರೆ ಇನ್ನು ಆಸ್ಪತ್ರೆ ಮಾತೇ ಎತ್ತಬಾರ್ದಂತೆ." ಲೋಟ ನೋಡಿ ಮುಖ ಕಿವುಚಿದಳು. "ಇದೇನು, ಸುಣ್ಣ ಕುಡಿಸ್ತೀರಾ? ಗೋಡೆಗಾದ್ರೂ ಬಳಿದಿದ್ರೆ ಬೆಳ್ಳಗಾಗ್ತಿತ್ತು."

ಬೇರಿಯಂ ಮುಂದೆ ಸರಿಯಲೆಂದು ಕುಡಿದವರನ್ನು ಕಾರಿಡಾರಿನಲ್ಲಿ ಅಡ್ಡಾಡಿಸುವುದು ರೂಢಿ. ಜೊತೆಗೆ ಬಂದವರು ನಡೆಸುತ್ತಾರೆ. ಅಂದು ಅವನೇ ನಡೆದ. ಇನ್ನೊಬ್ಬರ ಹೆಜ್ಜೆಗೆ ಹೆಜ್ಜೆ ಹೊಂದಿಸಿ ಎಷ್ಟು ವರ್ಷವಾಯಿತೆಂದು ನೆನಪಿಸಿಕೊಳ್ಳಲು ಹೋಗಿ, ಬಿಟ್ಟುಬಿಟ್ಟ.

ಎರಡನೆಯ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದ. ನವಿರಾದ ಗರಿಯಂತೆ ಕಾಣಬೇಕಾದ ಬೇರಿಯಂ ಒಡೆದ ಹಾಲಿನಂತೆ ಗಂಟುಗಂಟಾಗಿ ಚದುರಿತ್ತು. ಅದನ್ನು ಕಲಸಿದ್ದು ಅವನೇ.

"ನಾನು ಸರಿಯಾಗಿ ಕಲಸಿಲ್ಲಮ್ಮ, ತಪ್ಪು ನಂದು. ಇನ್ನೊಂದು ದಿನ ಬರಬೇಕಾಗುತ್ತೆ."

ಅವಳಿಗೆ ಸಿಟ್ಟೂ ಬರಲಿಲ್ಲ. "ಇನ್ನೊಂದು ದಿನ ನನ್ನ ಬಿಡಲ್ಲಣ್ಣ," ಎಂದು ಚಪ್ಪಲಿ ಹುಡುಕತೊಡಗಿದಳು.

ಬೇರಿಯಂ ಕಲಸಿದ ಜಗ್ಗು ತೊಳೆಯಲು ಎತ್ತಿಕೊಂಡವನು ತಳದಲ್ಲಿ ಉಳಿದದ್ದನ್ನು ಬೆರಳುಗಳ ನಡುವೆ ಉಜ್ಜಿ ನೋಡಿದ. ಒಂದು ಹರಳೂ ಇಲ್ಲ, ಬೆಣ್ಣೆಯಷ್ಟು ನಯ. ಹಾಗಾದರೆ ಗಂಟು ಕಟ್ಟಿದ್ದು ತನ್ನ ಜಗ್ಗಿನಲ್ಲಲ್ಲ, ಅವಳ ಕರುಳಿನಲ್ಲಿ.

"ಚಪ್ಪಲಿ ಬಿಡಮ್ಮ. ಇನ್ನೂ ಮುಗಿದಿಲ್ಲ."

ಸಂಜೆ ಡಾಕ್ಟರಮ್ಮ ಫಿಲ್ಮುಗಳನ್ನು ಸಾಲಾಗಿಟ್ಟು ನೋಡಿದರು. ಕರುಳು ಹಿಗ್ಗಿತ್ತು, ಮಡಿಕೆಗಳು ದಪ್ಪಗಾಗಿದ್ದವು. "ತಿಂದಿದ್ದನ್ನ ನಿಮ್ಮ ಕರುಳು ಹೀರ್ಕೊಳ್ತಿಲ್ಲ ಅಂತ ಕಾಣುತ್ತೆ, ಬೇರಿಯಂ ಗಂಟು ಕಟ್ಟಿದ್ದೂ ಅದಕ್ಕೇ. ಯಾಕೆ ಅಂತ ಇನ್ನೊಂದು ಪರೀಕ್ಷೆ ಮಾಡೋಣ."

"ಅದನ್ನ ಬರೆದು ಕೊಡ್ತೀರಾ? ಅತ್ತಿಗೆಗೆ ಓದಕ್ಕೆ ಬರುತ್ತೆ."

ಚೀಟಿಯನ್ನು ಮಡಚದೆಯೇ ಕೈಯಲ್ಲಿ ಹಿಡಿದು ಹೊರಟಳು. ಕಾರಿಡಾರಿನ ತುದಿಯವರೆಗೆ ಅವನೂ ಹೋದ. ಹಿಂತಿರುಗುವಾಗ ಒಂದೇ ಜೊತೆ ಹೆಜ್ಜೆಯ ಸದ್ದು.

ಅಂದು ಖರ್ಚಾದದ್ದು: ಬೇರಿಯಂ ಎರಡು ಲೋಟ, ದೊಡ್ಡ ಫಿಲ್ಮ್ ಏಳು, ಮೂರೂವರೆ ಗಂಟೆ.