ಆಟಿಯಲ್ಲಿ ಬೆವರಿದ ಕೇಕು

ಇವತ್ತು ಬೆಳಿಗ್ಗೆ ಹಳೆಯ ಹಪ್ಪಳದ ಡಬ್ಬಿಯ ಮುಚ್ಚಳ ತೆಗೆದೆ, ಹಲಸಿನ ಬೆರಟಿಯ ವಾಸನೆ ಮೂಗಿಗೆ ಬಡಿಯಿತು. ಬೆರಟಿಯೆಂದರೆ ಗೊತ್ತಲ್ಲ? ಹಲಸಿನ ಹಣ್ಣಿಗೆ ಬೆಲ್ಲ ಹಾಕಿ, ಕೈ ಸೋಲುವವರೆಗೆ ಕಾಯಿಸಿ ಗಟ್ಟಿ ಮಾಡಿದ್ದು. ವರ್ಷ ಕಳೆದರೂ ಕೆಡುವುದಿಲ್ಲ. ಕೇಕು ಮಾಡುವವಳ ಮನೆಯಲ್ಲಿ ಇದಕ್ಕೇನು ಕೆಲಸ ಎಂದು ಕೇಳುತ್ತೀರಿ. ಅದನ್ನೇ ಹೇಳಹೊರಟೆ.

ಮೂಡಬಿದ್ರೆಯಲ್ಲಿ ಮೂರು ದಿನದ ಕೇಕು ತರಗತಿ ಮುಗಿಸಿ ಬೆಳ್ತಂಗಡಿಗೆ ಮರಳಿದ ಹೊಸತರಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ. ಸಕ್ಕರೆಯ ಹಿಟ್ಟನ್ನು ಚಪಾತಿಯಂತೆ ಲಟ್ಟಿಸಿ ಕೇಕಿಗೆ ಹೊದಿಸುವ ಫಾಂಡೆಂಟ್ ವಿದ್ಯೆ ಕಲಿತಿದ್ದೆನಲ್ಲ! ಎದುರು ಸಿಕ್ಕವರಿಗೆಲ್ಲ ಫೋಟೋ ತೋರಿಸುತ್ತಿದ್ದೆ. ನನ್ನನ್ನು ಕಂಡು ಕೆಲವರು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರೆಂದು ಗಂಡ ಈಗಲೂ ಹೇಳುತ್ತಾರೆ.

ಪಕ್ಕದ ಮನೆಯ ಕಲ್ಯಾಣಿ ಅಕ್ಕ ಮಾತ್ರ ದಾಟಲಿಲ್ಲ. ವಯಸ್ಸು ಎಪ್ಪತ್ತೈದರ ಹತ್ತಿರ, ಹಪ್ಪಳ ಮಾಡುವುದರಲ್ಲಿ ಎತ್ತಿದ ಕೈ. ಫೋಟೋವನ್ನು ಬಹಳ ಹೊತ್ತು ನೋಡಿ, "ನನಗೊಂದು ಇಂಥದ್ದು ಮಾಡಿ ಕೊಡ್ತೀಯಾ? ನನ್ನ ಹುಟ್ಟಿದ ಹಬ್ಬ ಒಮ್ಮೆಯೂ ಮಾಡಿದ್ದಿಲ್ಲ ಮಾರಾಯ್ತಿ" ಎಂದರು.

"ಯಾಕೆ ಅಕ್ಕ?"

"ಹುಟ್ಟಿದ್ದು ಆಟಿ ತಿಂಗಳಲ್ಲಿ, ಜಡಿಮಳೆಯ ಕಾಲದಲ್ಲಿ. ಆಟಿಯಲ್ಲಿ ಯಾರು ಶುಭಕಾರ್ಯ ಮಾಡ್ತಾರೆ? ತಮ್ಮಂದಿರಿಗೆಲ್ಲ ಪಾಯಸ ಉಂಟು. ನನಗೆ 'ಮುಂದಿನ ತಿಂಗಳು ನೋಡುವ' ಅಂತ. ಮುಂದಿನ ತಿಂಗಳು ಎಲ್ಲರಿಗೂ ಮರೆತು ಹೋಗ್ತದೆ."

ನಗುತ್ತಲೇ ಹೇಳಿದ್ದರು. ನಾನು ಮಾತ್ರ ಈ ಸಲದ್ದು ತಪ್ಪಬಾರದು ಎಂದುಕೊಂಡೆ.

ಆ ಹುಮ್ಮಸ್ಸಿನಲ್ಲಿ ಎರಡು ದಿನ ಮೊದಲೇ ಕೇಕು ಮಾಡಿ, ಒಳಗೆ ತಾಜಾ ಕ್ರೀಮು, ಅನಾನಸು ತುಂಬಿ, ಬಿಳಿ ಹೊದಿಕೆಯ ಮೇಲೆ ಸಕ್ಕರೆಯ ಕೆಂಪು ದಾಸವಾಳ ಕೂರಿಸಿ ಫ್ರಿಜ್ಜಿನಲ್ಲಿಟ್ಟೆ. ಬೆಲೆಬಾಳುವುದನ್ನೆಲ್ಲ ಫ್ರಿಜ್ಜಿನಲ್ಲಿಡುವುದು ನಮ್ಮ ಮನೆಯ ಪದ್ಧತಿ. ಕೇಸರಿ, ಬಾದಾಮಿ, ಗಲ್ಫಿನಿಂದ ಬಂದ ಚಾಕಲೇಟು, ಒಮ್ಮೆ ಮರೆವಿನಲ್ಲಿ ಗಂಡನ ಕನ್ನಡಕ ಕೂಡ. ಹುಟ್ಟಿದ ಹಬ್ಬದ ಹಿಂದಿನ ದಿನ ಬೆಳಿಗ್ಗೆ, ತೋರಿಸುವ ಚಪಲಕ್ಕೆ ಕೇಕನ್ನು ಹೊರಗಿಟ್ಟು ಅಕ್ಕನನ್ನು ಕರೆದೆ. ಅವರು ಬರುವಷ್ಟರಲ್ಲಿ ಅದು ಬೆವರಿತ್ತು. ಹೊದಿಕೆಯೆಲ್ಲ ಅಂಟಂಟು, ದಾಸವಾಳದ ಬಣ್ಣ ಕೆಳಗಿಳಿಯುತ್ತಿತ್ತು. ನನಗೆ ಅಳುವೇ ಬಂತು.

ಅಕ್ಕನಿಗೆ ನನ್ನ ಅಳುವಿಗಿಂತ ಆ ಬೆವರೇ ಹೆಚ್ಚು ಕುತೂಹಲದ್ದಾಗಿತ್ತು. ಬೆರಳ ತುದಿಯಿಂದ ಮುಟ್ಟಿ ಮುಟ್ಟಿ ನೋಡಿದರು.

"ಇದು ಹಪ್ಪಳದ ಜಾತಿಯೇ. ತಣ್ಣಗಿದ್ದದ್ದನ್ನು ಈ ಮಳೆಗಾಳಿಗೆ ತಂದರೆ ನೀರು ಹಿಡಿಯದೆ ಇರ್ತದಾ? ಫ್ರಿಜ್ಜಿನಲ್ಲಿ ಯಾಕೆ ಇಟ್ಟದ್ದು?"

"ಒಳಗೆ ಕ್ರೀಮು ಉಂಟಲ್ಲ ಅಕ್ಕ, ಹೊರಗಿಟ್ಟರೆ ಹುಳಿಯಾಗ್ತದೆ."

"ಹಾಗಾದರೆ ಹೊರಗೆ ಇರ್ಲಿಕ್ಕೆ ಆಗುವಂಥದ್ದನ್ನೇ ಒಳಗೆ ಹಾಕುವ."

ಇಷ್ಟು ಸಣ್ಣ ಸಂಗತಿ ನನಗೆ ಹೊಳೆದಿರಲಿಲ್ಲ ನೋಡಿ! ಮೇಲಿನ ಚಂದಕ್ಕೆ ಮರುಳಾಗಿ, ಕೇಕನ್ನು ಎಲ್ಲಿ ಇಡಬೇಕೆಂಬುದು ಒಳಗೆ ಏನಿದೆ ಎಂಬುದರ ಮೇಲೆ ನಿಂತಿದೆ ಎನ್ನುವುದನ್ನೇ ಮರೆತಿದ್ದೆ. ಅಕ್ಕ ಮನೆಗೆ ಹೋಗಿ ಹಪ್ಪಳದ ಡಬ್ಬಿಯಲ್ಲಿ ಬೆರಟಿ ತಂದರು. ಹೊಸ ಕೇಕು ಬೇಯಿಸಿ, ನಡುವೆ ಬೆರಟಿ ಸವರಿ, ಸುತ್ತ ಬೆಣ್ಣೆ-ಸಕ್ಕರೆಯ ತೆಳು ಲೇಪ ಕೊಟ್ಟು ಹೊದಿಕೆ ಹಾಸಿದೆ. ಇಟ್ಟದ್ದು ರಟ್ಟಿನ ಪೆಟ್ಟಿಗೆಯಲ್ಲಿ, ಅಕ್ಕಿ ಇಡುವ ಕೋಣೆಯಲ್ಲಿ. ಒಲೆಗೂ ದೂರ, ಬಚ್ಚಲಿಗೂ ದೂರ. ಏನಾಗಿದೆಯೋ ಎಂದು ನಾನು ಹೋಗಿ ಹೋಗಿ ಪೆಟ್ಟಿಗೆ ತೆರೆಯುತ್ತಿದ್ದರೆ, "ಸುಮ್ಮನಿರು, ತೆರೆದಷ್ಟೂ ಮಳೆಗಾಳಿ ಒಳಗೆ ಹೋಗ್ತದೆ" ಎಂದು ಅಕ್ಕ ಬೈದರು.

ಮರುದಿನ ಮಧ್ಯಾಹ್ನ ಮಳೆ ಧೋ ಎಂದು ಸುರಿಯುತ್ತಿತ್ತು. ಅಕ್ಕ ಚಾಕು ಹಿಡಿದು ಕೂಡಲೇ ಕತ್ತರಿಸಲಿಲ್ಲ. ಮೊದಲು ಬೆರಳಿನಿಂದ ಹೊದಿಕೆ ಮುಟ್ಟಿದರು. ಒಣಗಿಯೇ ಇತ್ತು. ಕಿಟಕಿಯಾಚೆ ಒಮ್ಮೆ ನೋಡಿ, "ಆಟಿ ಎಂತದೂ ಮಾಡ್ಲಿಲ್ಲ ಅಲ್ವಾ?" ಎಂದರು. ಆಮೇಲೆ ಕಣ್ಣೊರಸಿಕೊಂಡರು.

ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಡಬ್ಬಿ ನನ್ನಲ್ಲೇ ಉಳಿಯಿತು. ಇವತ್ತು ಅದರ ಮುಚ್ಚಳ ಕೈಯಲ್ಲಿರುವಾಗಲೇ ಚಾರ್ಮಾಡಿಯಿಂದ ಒಬ್ಬ ತಾಯಿಯ ಫೋನು ಬಂತು. ಮಗಳಿಗೆ ಈ ತಿಂಗಳೇ ಐದು ತುಂಬುತ್ತದಂತೆ.

"ಕೇಕು ಮುಂದಿನ ತಿಂಗಳಿಗೆ ಸಾಕು ಅಕ್ಕ. ಈಗ ಆಟಿ ಅಲ್ವಾ?"

ಮೊದಲಾದರೆ 'ಆಯಿತು' ಎನ್ನುತ್ತಿದ್ದೆ.

"ಮಗು ಹುಟ್ಟಿದ ದಿನ ಯಾವುದು ಹೇಳಿ" ಎಂದೆ. "ಆ ದಿನಕ್ಕೇ ಮಾಡಿ ಕೊಡ್ತೇನೆ. ಏನೂ ಕೆಡುವುದಿಲ್ಲ."