ಮಾವ ನನ್ನನ್ನು ಸಾರ್ ಎಂದ ದಿನ

ಹೋದ ವರ್ಷ ಗೌರಿ ಹಬ್ಬಕ್ಕೆ ನಾಲ್ಕು ದಿನ ಇತ್ತು. ಯಲಿಯೂರಿನಿಂದ ರೈಲಿನಲ್ಲಿ ಓಡಾಡಿಕೊಂಡು ನಾನು ಮಂಡ್ಯದ ಕಾಲ್ ಸೆಂಟರೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಮನೆಯಲ್ಲಿ ಕಂಪ್ಯೂಟರ್ ಕೆಲಸ ಎಂದಷ್ಟೇ ಹೇಳಿದ್ದೆ. ಗ್ರೈಂಡರ್ ಮಾರುವ ಕಂಪನಿ ಎಲ್ಲೋ ದೂರದ ನಗರದಲ್ಲಿದೆ. ಅದರ ಮೋಟಾರು ಇನ್ಯಾವುದೋ ದೇಶದ್ದು. ಗಿರಾಕಿಗಳ ದೂರು ಕೇಳಿ ಬೈಸಿಕೊಳ್ಳುವ ಕೆಲಸವನ್ನು ಮಾತ್ರ ಮಂಡ್ಯಕ್ಕೆ ಗುತ್ತಿಗೆ ಕೊಟ್ಟಿದ್ದಾರೆ. ಬೈಯುವುದರಲ್ಲಿ ಹೆಸರಾದ ಸೀಮೆಗೆ ಈ ಕೆಲಸ ಕೊಟ್ಟವನ ಬುದ್ಧಿಗೆ ಈಗಲೂ ಕೈಮುಗಿಯುತ್ತೇನೆ.

ಚಿಕ್ಕಂದಿನಿಂದ ನನಗೆ ಯಾರ ದನಿಯಾದರೂ ಬರುತ್ತದೆ. ಮೇಷ್ಟ್ರು, ಕಂಡಕ್ಟರು, ಬಂಡೂರಿನ ಕುರಿ. ನನ್ನ ಸ್ವಂತದ್ದು ಯಾವುದೆಂದು ಕೇಳಿದರೆ ಮಾತ್ರ ಯೋಚಿಸಬೇಕು. ಆಫೀಸಿನಲ್ಲಿ ರೇಡಿಯೊ ವಾರ್ತೆಯ ದನಿ ಕದ್ದು, ರಾಹುಲ್ ಎಂಬ ಹೆಸರಿನಲ್ಲಿ ಮಾತಾಡುತ್ತಿದ್ದೆ.

ಅವತ್ತು ಮಧ್ಯಾಹ್ನದ ಕರೆ ಕಿರುಗಾವಲಿನದು. ಮಿಕ್ಸಿ ಗ್ರೈಂಡರ್ ರಿಪೇರಿ ಮಾಡುವ ಕೆಂಪಣ್ಣ ಎಂದು ಹೇಳಿಕೊಂಡ ಕೂಡಲೇ ಗೊತ್ತಾಯಿತು, ನನ್ನ ಸೋದರಮಾವ. ನನ್ನನ್ನು ಹೆಸರು ಹಿಡಿದು ಕರೆದವನೇ ಅಲ್ಲ, ಯಾವಾಗಲೂ "ಲೇ ಕೋತಿ". ಇವತ್ತು ಸಿಕ್ಕಿಬಿದ್ದ ಅಂದುಕೊಂಡೆ. ಮಾಡೆಲ್ ನಂಬರನ್ನು ಮೂರು ಸಲ ಹೇಳಿಸಿದೆ. ಎರಡು ಸಲ ಹೋಲ್ಡಿನಲ್ಲಿಟ್ಟು ಪೀಪಿ ಸಂಗೀತ ಕೇಳಿಸಿದೆ. ಪಕ್ಕದ ಕುರ್ಚಿಯವನಿಗೆ ಕಣ್ಣು ಹೊಡೆದೆ.

ಮಾವ ಸಿಟ್ಟಾಗಲಿಲ್ಲ. ಹಿಟ್ಟು ರುಬ್ಬಿ ಮನೆಮನೆಗೆ ಮಾರುವ ಜಯಮ್ಮನ ಗ್ರೈಂಡರ್ ನಿಂತುಹೋಗಿದೆ, ಒಳಗಿನ ಪ್ಲಾಸ್ಟಿಕ್ ಗೇರು ಸವೆದಿದೆ, ಮೈಸೂರಿನ ಅಂಗಡಿಗಳನ್ನೆಲ್ಲ ಸುತ್ತಿದರೂ ಸಿಗಲಿಲ್ಲ ಎಂದು ನಿಧಾನವಾಗಿ ವಿವರಿಸಿದ. ಹಬ್ಬಕ್ಕೆ ಹಿಟ್ಟು ಕೊಡುತ್ತೇನೆಂದು ಅವಳು ಅರ್ಧ ಊರಿಗೆ ಒಪ್ಪಿಕೊಂಡಿದ್ದಳಂತೆ.

"ಅದೊಂದ್ ಗೇರು ಕಳ್ಸಿ ಸಾರ್. ಮಿಕ್ಕಿದ್ದೆಲ್ಲ ಗಟ್ಟಿಯಾಗದೆ. ನಾನ್ ಆಕ್ಕೊಡ್ತೀನಿ."

ಸಾರ್ ಎಂದದ್ದು ನನ್ನನ್ನು. ಕಣ್ಣು ಹೊಡೆದ ಮುಖವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಓದಬೇಕಾದ ಸಾಲುಗಳು ಎದುರಿನ ಕಂಪ್ಯೂಟರಿನಲ್ಲಿದ್ದವು. ಬಿಡಿಭಾಗ ಹೊರಗಿನವರಿಗೆ ಕೊಡುವುದಿಲ್ಲ, ಹಳೆಯದನ್ನು ಕೊಟ್ಟು ರಿಯಾಯಿತಿಯಲ್ಲಿ ಹೊಸದನ್ನು ಕೊಳ್ಳಬಹುದು. ಕರೆ ರೆಕಾರ್ಡ್ ಆಗುತ್ತಿತ್ತು. "ನಾನು ಕಣ್ ಮಾವ" ಎನ್ನಲು ನೌಕರಿಗಿಂತ ನಾಚಿಕೆಯೇ ಅಡ್ಡ ಬಂತು. ವಾರ್ತೆಯ ದನಿಯಲ್ಲೇ ಓದಿದೆ.

ಮಾವ, "ಎಲ್ರೂ ಒಸದೇ ತಗಂಡ್ರೆ ನಾನೇನ್ ಬಿಚ್ಲಿ ಸಾರ್?" ಎಂದ.

ಕಂಪ್ಯೂಟರಿನ ಕೊನೆಯ ಸಾಲಿಗೆ ಇಳಿದೆ. ಕರೆ ಮಾಡಿದ್ದಕ್ಕೆ ಧನ್ಯವಾದ, ಶುಭದಿನ ಎಂದೆ.

ಗೌರಿ ಹಬ್ಬದ ದಿನ ಅವ್ವನಿಗೆ ಬಾಗಿನ ಕೊಡಲು ಮಾವ ಯಲಿಯೂರಿಗೆ ಬಂದ. ಜಯಮ್ಮ ಹೊಸದನ್ನೇ ತೆಗೆದುಕೊಂಡಳಂತೆ. ಇನ್ನೂ ಹತ್ತು ವರ್ಷ ಬರುವ ಕಲ್ಲು, ಮೋಟಾರು ಸಮೇತ ಹಳೆಯದನ್ನು ಕಂಪನಿಯ ವ್ಯಾನು ಹೊತ್ತುಕೊಂಡು ಹೋಯಿತಂತೆ. ಊಟವಾದ ಮೇಲೆ ಮಾವ ಫೋನಿನವನ ಹಾಗೆ ಮೂಗೇರಿಸಿ, "ಕ್ಷಮಿಸಿ, ಬಿಡಿಭಾಗಗಳು ಲಭ್ಯವಿರುವುದಿಲ್ಲ" ಎಂದು ಮಾತಾಡಿ ತೋರಿಸಿದ. ಅವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅಣಕಿಸುವ ಚಾಳಿ ನನಗೆ ಯಾರ ಕಡೆಯಿಂದ ಬಂತೆಂದು ಆಗ ಗೊತ್ತಾಯಿತು. ನಾನೂ ನಕ್ಕೆ.

"ಅವನ ಕೈಲೇನದೆ ಬುಡು, ಓದು ಅಂದುದ್ದ ಓದ್ತಾನೆ," ಎಂದು ಮಾವನೇ ಅವನ ಪರ ವಹಿಸಿದ. ಆಮೇಲೆ ನನ್ನ ಕಡೆ ತಿರುಗಿದ. "ಲೇ ಕೋತಿ, ನೀನೊಂದ್ಸಲ ಮಾಡ್ಲಾ ಅವನಂಗೆ."

ಬರಲ್ಲ ಮಾವ ಎಂದೆ. ಯಾರದಾದರೂ ದನಿ ಬರುವುದಿಲ್ಲವೆಂದು ನಾನು ಹೇಳಿದ್ದು ಅದೊಂದೇ ಸಲ.

ಈಗಲೂ ಅದೇ ಕುರ್ಚಿ, ಅವೇ ಸಾಲುಗಳು. ಸಾಕಾಗಿದೆ, ಆದರೂ ಓದುತ್ತೇನೆ. ತಮಾಷೆಗೆಂದು ಮಾತ್ರ ಯಾರನ್ನೂ ಹೋಲ್ಡಿನಲ್ಲಿಡುವುದಿಲ್ಲ. ಯಾರಾದರೂ ಸಾರ್ ಎಂದರೆ ಇವನು ಯಾರ ಮಾವನೋ ಅನ್ನಿಸಿಬಿಡುತ್ತದೆ.