ಸಾವಿನ ಪುಟದಲ್ಲಿ ಪುಸ್ತಕ ಮುಚ್ಚಬಾರದು

ನಾನು ಓದಿದ ಕಾದಂಬರಿಗಳಲ್ಲಿ ಹೆಚ್ಚಿನವು ನನಗೆ ಸಿಟ್ಟು ತರಿಸಿವೆ. ಹಾಗಂತ ಓದುವುದನ್ನು ಬಿಟ್ಟವಳಲ್ಲ. ಚಳ್ಳಕೆರೆಯಲ್ಲಿ ಮೇಷ್ಟರಾಗಿದ್ದ ನಮ್ಮಪ್ಪನ ಕಣ್ಣು ಬೇಗ ಮಂಜಾಯಿತು. ಓದಿ ಹೇಳುವುದಕ್ಕೆ ಮನೆಯಲ್ಲಿ ಒಂದು ಗಂಟಲು ಬೇಕಾಗಿತ್ತು, ಅದಕ್ಕೇ ನನಗೆ ಅಕ್ಷರ ಕಲಿಸಿದರು. ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದಾಗ ತವರಿನಿಂದ ನನ್ನ ಜೊತೆ ಬಂದದ್ದು ಒಂದು ತಾಮ್ರದ ಬಿಂದಿಗೆ ಮತ್ತು ಆ ಗಂಟಲು. ಬಿಂದಿಗೆ ಬೇಗ ಸೋರಿತು.

ಆ ಕಾಲಕ್ಕೆ ಕಾದಂಬರಿ ಎನ್ನುವುದೇ ಹೊಸ ಸರಕು. ಚಳ್ಳಕೆರೆಯಲ್ಲಿದ್ದ ನಮ್ಮಣ್ಣ ಬೆಂಗಳೂರಿನಿಂದ ತರಿಸಿ, ತಾನು ಓದಿ ಮುಗಿಸಿದ ಮೇಲೆ ಈ ಕಡೆ ಬರುವ ಗಾಡಿಯವರ ಕೈಯಲ್ಲಿ ನನಗೆ ಕಳಿಸುತ್ತಿದ್ದ. ಕೆಲವು ಬಂಗಾಳದಿಂದ ಬಂದವು, ಕೆಲವು ಮರಾಠಿಯಿಂದ, ಕೆಲವನ್ನು ನಮ್ಮವರೇ ಬರೆದಿದ್ದರು. ಎಲ್ಲಿಂದ ಬಂದರೂ ನಾಯಕಿ ಮಾತ್ರ ತಪ್ಪದೆ ಮೂರ್ಛೆ ಹೋಗುತ್ತಿದ್ದಳು.

ನಾನು ಒಬ್ಬಳೇ ಕೂತು ಓದುತ್ತಿರಲಿಲ್ಲ. ನಮ್ಮ ಪಕ್ಕದ್ದು ರೇಷ್ಮೆ ಸೀರೆ ನೇಯುವವರ ಮನೆ. ಬೇಸಿಗೆಯ ನಡುಮಧ್ಯಾಹ್ನ ಎಳೆ ಒಣಗಿ ತುಂಡಾಗುತ್ತದೆಂದು ಅವರು ಮಗ್ಗ ನಿಲ್ಲಿಸುತ್ತಿದ್ದರು. ಆ ಹೊತ್ತಿಗೆ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತು, ರಾಟೆ ತಿರುಗಿಸಿ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವರು. ಹಿಂದೆ ಅಲ್ಲಿ ಒಬ್ಬ ಮುದುಕರು ಪುರಾಣ ಓದುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಆ ಜಾಗ ಖಾಲಿ ಬಿದ್ದಿತ್ತು. ಮನೆಯ ಯಜಮಾನಿ ಅಜ್ಜಿ ಒಂದು ದಿನ ಗೋಡೆಯ ಮೇಲಿಂದ ನನ್ನನ್ನು ಕರೆದು, "ನೀನು ಮನಸ್ನಾಗೆ ಓದ್ಕಂಡ್ರೆ ಯಾರಿಗೇನು ಬಂತು? ಇಲ್ಲಿ ಬಂದು ಚದುವಮ್ಮಾ" ಎಂದಳು. ಅವರ ಮನೆಮಾತು ತೆಲುಗು. ಓದು ಎನ್ನುವುದು ಅವಳ ಬಾಯಲ್ಲಿ ಎಷ್ಟೋ ಸಲ ಚದುವು ಆಗುತ್ತಿತ್ತು.

ನನ್ನ ಕೈಯಲ್ಲಿರುವುದು ಪುರಾಣವಲ್ಲ ಎಂದು ಎಷ್ಟು ಹೇಳಿದರೂ ಅಜ್ಜಿ ಕೇಳಲಿಲ್ಲ. ಅಚ್ಚಾದದ್ದೆಲ್ಲ ಅವಳಿಗೆ ಪುರಾಣವೇ. ಪುರಾಣಕ್ಕಿದ್ದ ಕಟ್ಟಳೆಗಳೆಲ್ಲ ಕಾದಂಬರಿಗೂ ಬಂದವು. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ಓದಬೇಕು, ಸ್ವಂತದ್ದು ಸೇರಿಸಬಾರದು. ಸಾವಿನ ಮೇಲೆ, ಅಳುವಿನ ಮೇಲೆ ಪುಸ್ತಕ ಮುಚ್ಚಬಾರದು. ಮುಚ್ಚಿದರೆ ಆ ಅಳು ಕೇಳಿದವರ ಮನೆಯಲ್ಲೇ ಉಳಿದುಬಿಡುತ್ತದೆ. ಅಂಥ ಕಡೆ ನಿಲ್ಲಿಸಬೇಕಾಗಿ ಬಂದರೆ ಹಿಂದಕ್ಕೆ ಹೋಗಿ ಮದುವೆಯೋ ತೊಟ್ಟಿಲೋ ಇರುವ ಒಂದು ಪುಟ ಓದಿ, ಆಮೇಲೆ ಮುಚ್ಚಬೇಕು. ಕಡೆಗೆ, ಇದನ್ನು ಕೇಳಿದ್ದರ ಫಲವೇನು ಅಂತ ಓದಿದವಳು ಹೇಳಬೇಕು.

ಫಲ ಹೇಳುವ ನೆಪದಲ್ಲಿ ನಾನು ಕಾದಂಬರಿಗಳನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಮೊದಲು ಓದಿದ್ದು ಒಂದು ಪತ್ತೇದಾರಿ ಕಥೆ. ಅದರಲ್ಲಿ ಪತ್ತೇದಾರ ಒಂದು ಸುಳ್ಳುಗಡ್ಡ ಅಂಟಿಸಿಕೊಂಡರೆ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ. "ಗಡ್ಡ ಬಂದ್ರೆ ನಡಿಗೆ ಬದಲಾಗ್ತೈತಾ?" ಎಂದು ಅಜ್ಜಿ ಕೇಳಿದಳು. ಅದನ್ನೇ ನಾನೂ ಬರೆದವನಿಗೆ ಕೇಳಬೇಕೆಂದಿದ್ದೆ. ಆದರೂ ಕಳ್ಳ ಯಾರು ಎಂದು ತಿಳಿಯುವ ತನಕ ಯಾರಿಗೂ ನೂಲಿನ ಮೇಲೆ ಗ್ಯಾನವಿರಲಿಲ್ಲ. ಅದನ್ನು ಬರೆದವನ ಹೆಚ್ಚುಗಾರಿಕೆ ಎಂದೇ ಒಪ್ಪಬೇಕು. ಫಲ ಇಷ್ಟೇ, ಹೊತ್ತು ಹೋಗುತ್ತದೆ ಎಂದೆ. ಅಜ್ಜಿಗೆ ಅದು ಫಲ ಅನ್ನಿಸಲಿಲ್ಲ.

ಆಮೇಲೆ ಬಂದದ್ದು ರಾಜರ ಕಾಲದ ಕಥೆ. ಕೋಟೆ, ಬೆಳದಿಂಗಳು, ಉಪ್ಪರಿಗೆಯಲ್ಲಿ ರಾಜಕುಮಾರಿ. ಅದರ ಒಂದೊಂದು ಸಮಾಸ ಓದಿ ಮುಗಿಸುವಷ್ಟರಲ್ಲಿ ಒಂದೊಂದು ಕಂಡಿಕೆ ತುಂಬುತ್ತಿತ್ತು. ಆ ದಪ್ಪ ಪುಸ್ತಕದಲ್ಲಿ ಒಬ್ಬರೂ ಒಂದು ತುತ್ತು ಉಣ್ಣಲಿಲ್ಲ. ರಾಜಕುಮಾರಿ ವಿರಹದಲ್ಲಿ ಸೊರಗಿ, ಮೈಗೆ ಗಂಧ ಬಳಿದುಕೊಂಡು, ತುರುಬಿಗೆ ಹೂವು ಮುಡಿದು ಮೂರ್ಛೆ ಹೋದಾಗ ನನಗೆ ತಡೆಯಲಾಗಲಿಲ್ಲ. "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಇದೇ ಇದರ ಫಲ" ಎಂದೆ. ಎಲ್ಲರೂ ರಾಟೆ ಬಿಟ್ಟು ನಕ್ಕರು.

ಆ ನಗುವಿನಲ್ಲಿ ಅಜ್ಜಿಯ ಮೊಮ್ಮಗಳೂ ಸೇರಿಕೊಂಡಿದ್ದಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಅಪ್ಪ ಅವ್ವ ಇಬ್ಬರೂ ಪ್ಲೇಗಿನಲ್ಲಿ ಹೋಗಿ, ಅಜ್ಜಿಯ ಕೈಯಲ್ಲೇ ಬೆಳೆದ ಹುಡುಗಿ. ಬಿ.ಜಿ. ಕೆರೆಯ ನೇಕಾರರ ಮನೆಗೆ ಕೊಟ್ಟಿದ್ದರು. ಗಂಡನಿಗೆ ಕೈ ಮುಂದು, ಮಾತು ಹಿಂದು. ನೂಲು ಸಿಕ್ಕಾಯಿತು ಎಂದು ಮಗ್ಗದ ಹಲಗೆ ಕಿತ್ತು ಹೊಡೆದಿದ್ದ. ಏಟು ಬಲಗೈ ಮಣಿಕಟ್ಟಿಗೆ ಬಿದ್ದಿತ್ತು. ಮಾರನೆಯ ದಿನ ಸಂತೆಗೆ ಹೊರಟವರ ಗಾಡಿ ಹತ್ತಿ ತವರಿಗೆ ಬಂದವಳು ಎಡಗೈಯಲ್ಲೇ ರಾಟೆ ತಿರುಗಿಸುವುದನ್ನು ಕಲಿತಿದ್ದಳು. ತಲೆಯನ್ನು ಮಾತ್ರ ಅಜ್ಜಿಯೇ ಬಾಚಬೇಕಾಗಿತ್ತು.

ಅವಳನ್ನು ವಾಪಸು ಕಳಿಸಬೇಕೋ ಬೇಡವೋ ಎನ್ನುವುದೇ ಆ ಬೇಸಿಗೆಯ ಮಾತು. ಕೇರಿಯವರೆಲ್ಲ ಕಳಿಸು ಎನ್ನುವವರೇ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಬಂದು ಬಂದು ಹೇಳಿಹೋಗುತ್ತಿದ್ದರು. ನಾನು ಬೇಡವೇ ಬೇಡ ಎಂದೆ. ಅಜ್ಜಿ ನನ್ನ ಮೇಲೇ ರೇಗಿದಳು. "ನಿಂಗೇನು, ಹೇಳಿ ಎದ್ದು ಹೋಗ್ತೀಯಾ. ನಾಳೆ ನಾನು ಕಣ್ಣು ಮುಚ್ಚಿದ್ರೆ ಇವಳಿಗೆ ಯಾರು ದಿಕ್ಕು?" ಹುಡುಗಿ ತನಗೇನು ಬೇಕು ಎಂದು ಹೇಳುತ್ತಿರಲಿಲ್ಲ, ಅವಳನ್ನು ಯಾರೂ ಕೇಳುತ್ತಲೂ ಇರಲಿಲ್ಲ.

ಅಷ್ಟರಲ್ಲಿ ಅವಳ ಮಾವ ಬಂದರು. ಗಂಡನ ಅಪ್ಪ. ಕೆಟ್ಟ ಮನುಷ್ಯನಲ್ಲ. ಸೀರೆ ಮಾರುವುದಕ್ಕೆ ಊರೂರು ತಿರುಗಿ ನಾಲ್ಕು ಅಕ್ಷರ ಕಲಿತಿದ್ದರು, ಕಾದಂಬರಿಯ ಹುಚ್ಚು ಅವರಿಗೂ ಹಿಡಿದಿತ್ತು. ಹುಡುಗಿಗೆ ಒಂದು ಮಾತೂ ಆಡದೆ, ಬಟ್ಟೆಯಲ್ಲಿ ಸುತ್ತಿದ ಹೊಸ ಪುಸ್ತಕವನ್ನು ಅಜ್ಜಿಯ ಮುಂದಿಟ್ಟರು. "ಇದನ್ನ ಅವಳಿಗೆ ಓದಿ ಕೇಳಿಸ್ರಿ. ಕೇಳಿದ್ರೆ ತಾನೇ ಬುದ್ಧಿ ಬರ್ತೈತೆ. ಹುಣ್ಣಿಮೆ ಕಳೆದ ಸೋಮವಾರ ಗಾಡಿ ತರ್ತೀನಿ" ಎಂದರು. ಓದುವ ಮೊದಲೇ ಫಲ ಹೇಳಿಹೋದ ಪುಸ್ತಕ ಅದೊಂದೇ. ಅಜ್ಜಿ, "ಪೂರಾ ಕೇಳ್ತೀನಿ, ಕೇಳಿ ಆದ್ಮೇಲೆ ಹೇಳ್ತೀನಿ" ಎಂದಳು.

ಅದು ಸತಿಯ ಧರ್ಮದ ಕಥೆ. ಶುರುವಿನಲ್ಲಿ ನಾಯಕಿ ತವರಿನಲ್ಲಿರುವ ಎಂಟೊಂಬತ್ತು ವರ್ಷದ ಹುಡುಗಿ. ಅವ್ವ ತಲೆ ಬಾಚುತ್ತಿರುವಾಗ ಅರ್ಧ ಜಡೆಯಲ್ಲೇ ಎದ್ದು ಹುಣಸೆಮರಕ್ಕೆ ಓಡುತ್ತಾಳೆ. ಆ ಅಧ್ಯಾಯವನ್ನು ಬರೆದ ಕೈಯೇ ಬೇರೆ ಎನ್ನುವಷ್ಟು ಚೆನ್ನಾಗಿತ್ತು. ಮುಂದೆ ಮದುವೆ, ಅತ್ತೆಯ ಕಾಟ, ಗಂಡನಿಗೊಬ್ಬಳು ಸೂಳೆ. ಇವಳು ಏಟು ತಿಂದಷ್ಟೂ ಮುಖದಲ್ಲಿ ಕಾಂತಿ ಹೆಚ್ಚುತ್ತದಂತೆ. ಬರೆದವನ ಬೆನ್ನಿಗೆ ಯಾರೂ ಬಾಸುಂಡೆ ಬರುವ ಹಾಗೆ ಹೊಡೆದಿಲ್ಲ ಎನ್ನುವುದು ಆ ಒಂದು ವಾಕ್ಯದಿಂದಲೇ ಗೊತ್ತಾಗುತ್ತಿತ್ತು. ಓದುತ್ತಾ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಕಡೆ ನಾಯಕಿ ಗಂಡನಿಗೆ ಎದುರು ಮಾತಾಡಿದಳು ಎಂದು ನಾನೇ ಸೇರಿಸಿ ಓದಿದೆ. ಅಜ್ಜಿ ರಾಟೆ ನಿಲ್ಲಿಸಿದಳು. "ಅದು ಪುಸ್ತಕದಾಗೆ ಇಲ್ಲ. ನಿನ್ನ ದನಿ ಬದಲಾತು. ಇದ್ದಂಗೆ ಓದು." ಇದ್ದ ಹಾಗೇ ಓದಿದೆ. ದಿನದ ಕೊನೆಗೆ ಹಿಂದಿನ ಮದುವೆಯ ಅಧ್ಯಾಯದಿಂದ ನಾಲ್ಕು ಸಾಲು ಓದಿ ಮುಚ್ಚುತ್ತಿದ್ದೆ. ಹುಡುಗಿ ತಲೆ ಎತ್ತದೆ ನೂಲು ಸುತ್ತುತ್ತಿದ್ದಳು.

ಸೋಮವಾರ ಬಂತು. ಉಳಿದದ್ದು ಕಡೆಯ ಅಧ್ಯಾಯ ಒಂದೇ. ಮಾವನವರು ಬೇವಿನ ನೆರಳಲ್ಲಿ ಎತ್ತು ಬಿಚ್ಚಿ, ಜಗುಲಿಯ ಮೇಲೆ ಕೂತು ತಾವೂ ಕೇಳಿದರು. ಹುಡುಗಿಯ ಬಟ್ಟೆಯ ಗಂಟನ್ನು ಅಜ್ಜಿ ಬೆಳಿಗ್ಗೆಯೇ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಳು. ಅದು ನನ್ನ ಕಣ್ಣೆದುರಿಗೇ ಇತ್ತು. ಆದರೂ ಓದಿದೆ. ಗಂಡನಿಗೆ ಬಂದ ಕಾಯಿಲೆಯನ್ನು ತನಗೆ ಕೊಡೆಂದು ಬೇಡಿಕೊಂಡು ನಾಯಕಿ ಅವನ ಕಾಲಬುಡದಲ್ಲಿ ಪ್ರಾಣ ಬಿಟ್ಟಳು. ಗಂಡ ಅತ್ತ, ಅವಳ ಹೆಸರಿನಲ್ಲಿ ಒಂದು ಮಂಟಪ ಕಟ್ಟಿಸಿದ. ಕಾದಂಬರಿ ಮುಗಿಯಿತು.

"ಮುಂದೆ?" ಎಂದಳು ಅಜ್ಜಿ.

"ಮುಂದಿಲ್ಲ. ಮುಗೀತು."

"ಸಾವಿನ ಮ್ಯಾಲೆ ಮುಗಿಸವ್ನಾ? ಎಂಥಾ ಮನುಷ್ಯ ಅವನು. ಹಿಂದಕ್ಕೆ ಹೋಗು, ಒಂದು ಒಳ್ಳೆ ಪುಟ ಓದಿ ಮುಚ್ಚು."

ದಿನವೂ ಓದುತ್ತಿದ್ದ ಮದುವೆಯ ಪುಟ ತೆಗೆದೆ. ಅಜ್ಜಿ ಕೈ ಅಡ್ಡ ಮಾಡಿದಳು. "ಅದು ಬ್ಯಾಡ. ಅದು ಮನೆ ಸೇರೋಕೆ ಮುಂಚಿನ ಮಾತು. ಇವತ್ತು ಇವಳು ಹೋಗೋದು ಗಂಡನ ಮನೆಗೆ. ಆ ಮನ್ಯಾಗೆ ಆಕೆ ನಕ್ಕಿದ್ದು ಯಾವುದಾದ್ರೂ ಇದ್ರೆ ಓದು. ಇವಳು ಕೇಳಿ ಹೋಗ್ಲಿ."

ನಾನು ಹಾಳೆ ತಿರುವಿದೆ. ಅತ್ತೆ ಒಲೆಗೆ ನೀರು ಸುರಿದದ್ದು ಸಿಕ್ಕಿತು. ಮಗು ಸತ್ತದ್ದು ಸಿಕ್ಕಿತು. ಹಬ್ಬದ ದಿನ ಎಲ್ಲರೂ ನಕ್ಕಿದ್ದರು, ಇವಳು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಇಲ್ಲ ಎಂದು ಹೇಳಿದೆ. ಆದರೆ ನನ್ನ ಮನಸ್ಸು ಯಾವ ಕಡೆಗೆ ಎಂದು ಅಜ್ಜಿಗೆ ಗೊತ್ತಿತ್ತು, ಹಾಗಾಗಿ ನನ್ನ ಮಾತನ್ನು ಅವಳು ನಂಬಲಿಲ್ಲ.

"ಬೀಗರೇ, ನೀವೂ ಓದಿದೋರು. ನೀವೇ ಹುಡುಕಿ ಕೊಡ್ರಿ. ಒಂದು ಪುಟ ಸಾಕು."

ಮಾವನವರು ಪುಸ್ತಕ ತೆಗೆದುಕೊಂಡರು. ಕನ್ನಡಕವನ್ನು ಪಂಚೆಯ ತುದಿಯಲ್ಲಿ ಒರೆಸಿ, ಕಡೆಯಿಂದ ಹಿಂದಕ್ಕೆ ಒಂದೊಂದೇ ಹಾಳೆ ನೋಡುತ್ತಾ ಹೋದರು. ಎತ್ತುಗಳು ಹುಲ್ಲು ಮುಗಿಸಿ ಮಲಗಿದವು. ರಾಟೆಗಳೆಲ್ಲ ನಿಂತಿದ್ದವು. ನಡುವೆ ಒಂದು ಕಡೆ ಅವರ ಬೆರಳು ನಿಂತಿತು, ಸಿಕ್ಕಿಬಿಟ್ಟಿತು ಎಂದುಕೊಂಡೆ. ಅವರು ತುಟಿ ಅಲ್ಲಾಡಿಸಿ ಓದಿ, ಮತ್ತೆ ಹಾಳೆ ಮಗುಚಿದರು. ಮದುವೆಯ ಅಧ್ಯಾಯ ಬಂದಾಗ ಕನ್ನಡಕ ತೆಗೆದರು.

"ಇಲ್ಲ ಕಣಮ್ಮ" ಎಂದರು. ಸುಳ್ಳು ಹೇಳಬಹುದಾಗಿತ್ತು, ಹೇಳಲಿಲ್ಲ. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಗೌರವವಿದೆ. ಕನ್ನಡಕ ಮಡಚುತ್ತಾ ಮೆಲ್ಲಗೆ, "ನಾನು ಓದೋವಾಗ ಇದು ಕಾಣ್ಲೇ ಇಲ್ಲ" ಎಂದರು.

ಆಗ ಹುಡುಗಿ ಬಾಯಿ ಬಿಟ್ಟಳು. "ಶುರುವಿನಾಗೆ ಐತಲ್ಲಕ್ಕಾ, ಅವ್ರವ್ವ ತಲೆ ಬಾಚೋದು, ಆಕೆ ಓಡಿಹೋಗೋದು. ಅದನ್ನ ಓದು." ಅಷ್ಟು ದಿನದಲ್ಲಿ ಅವಳು ಇದು ಬೇಕು ಎಂದು ಕೇಳಿದ್ದು ಅದೊಂದೇ.

ಅಜ್ಜಿ ಬೇಡ ಎನ್ನಲಿಲ್ಲ. ನಾನು ಮೊದಲ ಅಧ್ಯಾಯವನ್ನು ಪೂರ್ತಿ ಓದಿದೆ, ಅರ್ಧ ಜಡೆಯಿಂದ ಹುಣಸೆಮರದ ತನಕ. ಮುಗಿದ ಮೇಲೆ ಅಜ್ಜಿ, "ಈಗ ಮುಚ್ಚು" ಎಂದಳು. ಎದ್ದು ಬಾಗಿಲ ಹತ್ತಿರದ ಗಂಟನ್ನು ತೆಗೆದು ಒಳಗಿನ ಗೂಟಕ್ಕೆ ನೇತುಹಾಕಿ ಬಂದಳು. "ಬೀಗರೇ, ಗಾಡಿ ಹಂಗೇ ಹೋಗ್ಲಿ. ಎತ್ತಿಗೂ ಭಾರ ಕಮ್ಮಿ ಆಗ್ತೈತೆ. ಊಟ ಮಾಡ್ಕಂಡೇ ಹೊರಡ್ರಿ." ಅವರು ಊಟ ಮಾಡಿಕೊಂಡೇ ಹೊರಟರು. ಸೊಸೆಯೇ ಎಡಗೈಯಲ್ಲಿ ಚೆಂಬು ಹಿಡಿದು ಅವರ ಕೈಗೆ ನೀರು ಹಾಕಿದಳು. ಪುಸ್ತಕವನ್ನು ಅವರು ಜಗುಲಿಯ ಮೇಲೆ ಬಿಟ್ಟುಹೋದರು, ಕೇಳಿಕೊಂಡು ಯಾರೂ ಬರಲಿಲ್ಲ.

ಅವತ್ತು ಅಜ್ಜಿ ಫಲ ಏನು ಎಂದು ಕೇಳಲಿಲ್ಲ. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಓದುವ ಹೆಣ್ಣುಮಕ್ಕಳು ಯಾರಾದರೂ ಹೇಗಿದೆ ಎಂದು ಕೇಳಿದರೆ, ಮೊದಲ ಅಧ್ಯಾಯ ಚೆನ್ನಾಗಿದೆ, ಅಷ್ಟು ಓದಿ ಮುಚ್ಚು ಎನ್ನುತ್ತೇನೆ.